ಅಳತೆ ಚಮಚ ಒಂದೇ, ಸಾಫ್ಟ್‌ವೇರ್ ಹಲವು: ವಸ್ತು ವಿನ್ಯಾಸ ಕಲಿಸಲು ಯಾವುದನ್ನು ಹಿಡಿಯೋಣ?

ಹಾಸನದಲ್ಲಿ ಭಾನುವಾರಗಳಂದು ಹೈಸ್ಕೂಲು ಮತ್ತು ಡಿಪ್ಲೊಮಾ ಮಕ್ಕಳಿಗೆ ವಸ್ತು ವಿನ್ಯಾಸದ ಮೊದಲ ಪಾಠ ಹೇಳಿಕೊಡುತ್ತೇನೆ. ಸುತ್ತಮುತ್ತಲ ಶಾಲೆಗಳ ಮೇಷ್ಟ್ರು, ಮೇಡಂಗಳು ಆಗಾಗ ಫೋನ್ ಮಾಡುತ್ತಾರೆ. ಪ್ರಶ್ನೆ ಒಂದೇ: "ಸರ್, ಈ 3ಡಿ ಸಾಫ್ಟ್‌ವೇರ್‌ಗಳಲ್ಲಿ ಯಾವುದು ಒಳ್ಳೇದು?" ನಾನು ತಿರುಗಿ ಕೇಳುತ್ತೇನೆ, "ಮಕ್ಕಳ ಕೈಲಿ ಏನು ಮಾಡಿಸ್ತೀರಿ?" ಆ ಕಡೆ ಸ್ವಲ್ಪ ಹೊತ್ತು ಮಾತೇ ಇರುವುದಿಲ್ಲ.

ಯಾವ ಸಾಫ್ಟ್‌ವೇರಿನಲ್ಲಿ ಏನೇನು ಸೌಲಭ್ಯ ಇದೆ ಅಂತ ಪಟ್ಟಿ ಮಾಡಿ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಡಬ್ಬಿ, ಗೋಳ, ಕೊಳವೆ ಎಲ್ಲದರಲ್ಲೂ ಆಗುತ್ತದೆ. ಮೊದಲ ದಿನ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ವ್ಯತ್ಯಾಸ ಗೊತ್ತಾಗುವುದು ಎರಡನೇ ವಾರ, ಮಾಡಿದ್ದನ್ನು ತಿದ್ದಲು ಕೂತಾಗ. ವಿನ್ಯಾಸ ಅಂದರೆ ಮುಕ್ಕಾಲು ಪಾಲು ತಿದ್ದುವ ಕೆಲಸವೇ. ಹಾಗಾಗಿ ನಾನು ಎಲ್ಲ ಸಾಫ್ಟ್‌ವೇರಿಗೂ ಒಂದೇ ಪರೀಕ್ಷೆ ಇಟ್ಟಿದ್ದೇನೆ.

ಪರೀಕ್ಷೆ: ಕಾಫಿಪುಡಿ ಅಳೆಯುವ ಚಮಚ

ನಮ್ಮ ಕಡೆ ಕಾಫಿ ಫಿಲ್ಟರ್ ಇಲ್ಲದ ಮನೆ ಕಡಿಮೆ. ಪುಡಿ ಎಷ್ಟು ಹಾಕಬೇಕು ಅನ್ನುವ ಜಗಳ ಇಲ್ಲದ ಮನೆ ಇನ್ನೂ ಕಡಿಮೆ. ಅಮ್ಮ ದಿಬ್ಬ ಕಟ್ಟಿದ ಹಾಗೆ ಎರಡು ಚಮಚ ಹಾಕುತ್ತಾರೆ, ಮಗ ಮಟ್ಟಸವಾಗಿ ಎರಡು ಹಾಕಿ ನೀರು ಕಾಫಿ ಮಾಡುತ್ತಾನೆ. ಆದ್ದರಿಂದ ನಮ್ಮ ತರಗತಿಯ ಮೊದಲ ವಸ್ತು ಒಂದು ಅಳತೆ ಚಮಚ. ಬಟ್ಟಲಿನಲ್ಲಿ 15 ಮಿ.ಲೀ. ಹಿಡಿಯಬೇಕು, ದಪ್ಪ 2 ಮಿ.ಮೀ., ಹಿಡಿಯ ಉದ್ದ 90 ಮಿ.ಮೀ., ತುದಿಯಲ್ಲಿ ಮೊಳೆಗೆ ನೇತುಹಾಕಲು 5 ಮಿ.ಮೀ. ತೂತು.

ಬಟ್ಟಲು ಅರ್ಧಗೋಳ ಅಂತಿಟ್ಟುಕೊಳ್ಳಿ. ಘನಫಲದ ಸೂತ್ರ ಮಕ್ಕಳ ಗಣಿತ ಪುಸ್ತಕದಲ್ಲೇ ಇದೆ. ಲೆಕ್ಕ ಹಾಕಿದರೆ ಒಳಗಿನ ತ್ರಿಜ್ಯ ಸುಮಾರು 19.3 ಮಿ.ಮೀ. ಬರುತ್ತದೆ. ಮಕ್ಕಳು ಮಾಡಿ ಮುಗಿಸಿದ ಮೇಲೆ ನಾನು ಹೇಳುತ್ತೇನೆ: "ಮನೆಗೆ ನೆಂಟರು ಬಂದಿದ್ದಾರೆ. 15 ಸಾಲದು, 30 ಮಿ.ಲೀ. ಮಾಡಿ."

ತಮಾಷೆ ಶುರುವಾಗುವುದು ಇಲ್ಲಿ. ಎರಡರಷ್ಟು ಹಿಡಿಯಬೇಕಾದರೆ ಚಮಚ ಎರಡರಷ್ಟು ಅಗಲ ಆಗಬೇಕು ಅಂತ ಅರ್ಧ ತರಗತಿ ಹೇಳುತ್ತದೆ. ಹಾಗೇನಿಲ್ಲ, ತ್ರಿಜ್ಯ 24.3 ಮಿ.ಮೀ. ಆದರೆ ಸಾಕು. ಕಾಲುಭಾಗಕ್ಕಿಂತ ಒಂಚೂರು ಜಾಸ್ತಿ ಅಷ್ಟೇ. ಬಟ್ಟಲು ಬೆಳೆಯಬೇಕು ನಿಜ. ಆದರೆ ದಪ್ಪ 2 ಮಿ.ಮೀ. ಆಗಿಯೇ ಇರಬೇಕು, ತೂತು 5 ಆಗಿಯೇ ಇರಬೇಕು. ಮೊಳೆ ಏನು ದೊಡ್ಡದಾಗಿಲ್ಲವಲ್ಲ!

ಮೂರನೇ ಹಂತ ಇನ್ನೂ ಮಜವಾಗಿದೆ. ಪುಡಿ ತುಂಬಿಟ್ಟ ಬಾಟಲಿಯ ಬಾಯಿ 50 ಮಿ.ಮೀ. ಇದೆ ಅನ್ನಿ. 30 ಮಿ.ಲೀ. ಅರ್ಧಗೋಳದ ಹೊರಗಿನ ಅಗಲ 52.6 ಮಿ.ಮೀ. ಚಮಚ ಬಾಟಲಿಯೊಳಗೆ ಇಳಿಯುವುದೇ ಇಲ್ಲ. ಈಗ ಆಕಾರವನ್ನೇ ಬದಲಿಸಬೇಕು. ಒಳಗಿನ ಅಗಲ 40 ಮಿ.ಮೀ. ಇರುವ ಲೋಟದ ಆಕಾರ ಮಾಡಿದರೆ 24 ಮಿ.ಮೀ. ಆಳ ಸಾಕು, 30 ಮಿ.ಲೀ. ಹಿಡಿಯುತ್ತದೆ, ಹೊರಗಿನ ಅಗಲ 44ಕ್ಕೆ ನಿಲ್ಲುತ್ತದೆ. ಆದರೆ ಲೋಟದ ತಳದ ಮೂಲೆಯಲ್ಲಿ ಪುಡಿ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಮೂಲೆ ದುಂಡಾಗಬೇಕು. ದುಂಡು ಮಾಡಿದರೆ ಒಂಚೂರು ಜಾಗ ಹೋಗುತ್ತದೆ, ಆಳ ಮತ್ತೆ ಹೆಚ್ಚಿಸಬೇಕು. ಒಂದು ಸರಿ ಮಾಡಿದರೆ ಇನ್ನೊಂದು ಕೆಡುತ್ತದೆ. ಇದನ್ನು ಸಂಭಾಳಿಸುವುದನ್ನೇ ನಾವು ಕಲಿಸಬೇಕಾಗಿರುವುದು. ಈ ಮೂರು ಹಂತವನ್ನೂ ಮಕ್ಕಳು ಅಳದೆ ದಾಟಲು ಯಾವ ಸಾಫ್ಟ್‌ವೇರ್ ಬಿಡುತ್ತದೋ ಅದು ನನ್ನ ಲೆಕ್ಕದಲ್ಲಿ ಪಾಸು.

ಒಂದು ಮಾತು ಮರೆತೆ. ಮೊದಲ ಎರಡು ತರಗತಿ ನಾನು ಕಂಪ್ಯೂಟರ್ ಆನ್ ಮಾಡಲು ಬಿಡುವುದಿಲ್ಲ. ಜೇಡಿಮಣ್ಣು, ರಟ್ಟು, ಪೆನ್ಸಿಲ್, ಜೊತೆಗೆ ಫಿಸಿಕ್ಸ್ ಲ್ಯಾಬಿನ ವರ್ನಿಯರ್ ಕ್ಯಾಲಿಪರ್ ಅಷ್ಟೇ. ಮನೆಯಲ್ಲಿ ಯಾರು ಕಾಫಿ ಮಾಡುತ್ತಾರೋ ಅವರ ಕೈ ನೋಡಿಕೊಂಡು ಬನ್ನಿ ಅನ್ನುತ್ತೇನೆ. ಬೆರಳು ಗಂಟು ನೋಯುವ ಅಜ್ಜಿಗೆ ತೆಳ್ಳನೆ ಹಿಡಿ ಆಗುವುದಿಲ್ಲ. ಆ ವಿಷಯ ಯಾವ ಸಾಫ್ಟ್‌ವೇರೂ ಹೇಳಿಕೊಡುವುದಿಲ್ಲ.

ಟಿಂಕರ್‌ಕ್ಯಾಡ್

2011ರಲ್ಲಿ ಶುರುವಾದದ್ದು, 2013ರಲ್ಲಿ ಆಟೋಡೆಸ್ಕ್ ಅನ್ನುವ ಸಾಫ್ಟ್‌ವೇರ್ ಕಂಪನಿ ಕೊಂಡುಕೊಂಡಿತು. ಬ್ರೌಸರಿನಲ್ಲೇ ನಡೆಯುತ್ತದೆ, ದುಡ್ಡಿಲ್ಲ. ಶಿಕ್ಷಕರು ಒಂದು ಕ್ಲಾಸ್ ಮಾಡಿ ಕೋಡ್ ಕೊಟ್ಟರೆ ಮಕ್ಕಳು ಇಮೇಲ್ ಇಲ್ಲದೆಯೇ ಒಳಗೆ ಬರಬಹುದು. ಏಳನೇ ಕ್ಲಾಸಿನ ಮಗುವಿಗೆ ಇಮೇಲ್ ಮಾಡಿಸುವ ಪಾಡು ಪಟ್ಟವರಿಗೆ ಇದರ ಬೆಲೆ ಗೊತ್ತು.

ಕೆಲಸದ ರೀತಿ ತುಂಬಾ ಸರಳ. ಆಕಾರಗಳನ್ನು ಎಳೆದು ತಂದು ಕೂಡಿಸುವುದು, ಬೇಡದ ಕಡೆ ಇನ್ನೊಂದು ಆಕಾರವನ್ನು 'ತೂತು' ಮಾಡಿ ಕಳೆಯುವುದು. ಕೂಡು, ಕಳೆ, ಮುಗಿಯಿತು. ಚಮಚದ ಬಟ್ಟಲು ಅಂದರೆ ದೊಡ್ಡ ಅರ್ಧಗೋಳದಿಂದ ಸಣ್ಣ ಅರ್ಧಗೋಳ ಕಳೆದದ್ದು. ಇಪ್ಪತ್ತು ನಿಮಿಷದಲ್ಲಿ ಇಡೀ ತರಗತಿಯ ಪರದೆ ಮೇಲೆ ಚಮಚ ಇರುತ್ತದೆ. ಮಕ್ಕಳ ಮುಖ ಅರಳುವುದನ್ನು ನೋಡಬೇಕು.

ಎರಡನೇ ಹಂತಕ್ಕೆ ಬನ್ನಿ. 30 ಮಿ.ಲೀ. ಮಾಡಿ ಅಂದ ಕೂಡಲೇ ಎಲ್ಲರೂ ಮೂಲೆ ಹಿಡಿದು ಎಳೆಯುತ್ತಾರೆ. ಇಡೀ ಚಮಚ 1.26 ಪಟ್ಟು ಹಿಗ್ಗುತ್ತದೆ. ದಪ್ಪ 2.5 ಮಿ.ಮೀ., ತೂತು 6.3, ಹಿಡಿ 113. ಸರಿಯಾಗಿ ಮಾಡಬೇಕೆಂದರೆ ಕೂಡಿಸಿದ್ದನ್ನು ಬಿಚ್ಚಿ, ಒಳಗಿನದು ಹೊರಗಿನದು ಎರಡರ ಅಳತೆಯನ್ನೂ ಬೇರೆ ಬೇರೆ ಬದಲಿಸಿ, ಮತ್ತೆ ಜೋಡಿಸಬೇಕು. ಒಂದು ಅಳತೆಗೂ ಇನ್ನೊಂದಕ್ಕೂ ಇಲ್ಲಿ ನಂಟೇ ಇಲ್ಲ.

ಇದನ್ನು ಕುಂದು ಅಂತ ಹೇಳಿ ತಳ್ಳಿಹಾಕುವವರು ಜಾಸ್ತಿ. ನನಗೆ ಹಾಗನಿಸುವುದಿಲ್ಲ. ತಪ್ಪಾಗಿ ಹಿಗ್ಗಿದ ಆ ಚಮಚವೇ ನನ್ನ ಅತ್ಯುತ್ತಮ ಪಾಠ. ಯಾವುದು ಬದಲಾಗಬೇಕು, ಯಾವುದು ಬದಲಾಗಬಾರದು ಅನ್ನುವ ಪ್ರಶ್ನೆ ಮಗುವಿನ ತಲೆಗೆ ತಾನಾಗಿ ಬರುತ್ತದೆ. ಮೂರನೇ ಹಂತದಲ್ಲಿ ಬಿಸಾಕಿ ಹೊಸದು ಮಾಡಿದರೂ ಹತ್ತು ನಿಮಿಷ. ಆರರಿಂದ ಎಂಟನೇ ತರಗತಿಯವರಿಗೆ ಇದಕ್ಕಿಂತ ಒಳ್ಳೆಯದು ನನಗಂತೂ ಸಿಕ್ಕಿಲ್ಲ. ಡಿಪ್ಲೊಮಾ ಹುಡುಗರನ್ನು ಮಾತ್ರ ಇದರಲ್ಲಿ ಎರಡು ವಾರಕ್ಕಿಂತ ಹೆಚ್ಚು ಕೂರಿಸಬೇಡಿ.

ಆನ್‌ಶೇಪ್

1995ರಲ್ಲಿ ಸಾಲಿಡ್‌ವರ್ಕ್ಸ್ ಅನ್ನುವ ಎಂಜಿನಿಯರಿಂಗ್ ವಿನ್ಯಾಸದ ಸಾಫ್ಟ್‌ವೇರ್ ತಂದ ಜಾನ್ ಹರ್ಷ್‌ಟಿಕ್ ಅವರೇ ಮುಂದೆ ತಮ್ಮ ತಂಡದ ಜೊತೆ ಕಟ್ಟಿದ್ದು ಇದು. 2019ರಲ್ಲಿ ಪಿಟಿಸಿ ಕಂಪನಿ ಕೊಂಡಿತು. ಎಂಜಿನಿಯರುಗಳು ಬಳಸುವ ಮಟ್ಟದ ಸಾಫ್ಟ್‌ವೇರ್ ಇದು, ಆದರೆ ಟಿಂಕರ್‌ಕ್ಯಾಡ್ ಹಾಗೆ ಬ್ರೌಸರಿನಲ್ಲೇ ನಡೆಯುತ್ತದೆ. ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಮೊಬೈಲಿನಲ್ಲೂ ತೆರೆಯಬಹುದು. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಹುಡುಗಿಯೊಬ್ಬಳು ಅಪ್ಪನ ಫೋನಿನಲ್ಲೇ ಚಮಚದ ಹಿಡಿ ತಿದ್ದಿಕೊಂಡು ಬಂದಿದ್ದಳು. ಸುಲಭವೇನಲ್ಲ, ಆದರೆ ಆಗುತ್ತದೆ.

ಇಲ್ಲಿ ಕೆಲಸದ ರೀತಿಯೇ ಬೇರೆ. ಮೊದಲು ಸ್ಕೆಚ್, ಅಂದರೆ ಚಪ್ಪಟೆ ಗೆರೆಚಿತ್ರ, ಆಮೇಲೆ ಘನರೂಪ. ಅರ್ಧ ಬಟ್ಟಲಿನ ಗೆರೆಯನ್ನು ಬಿಡಿಸಿ, ನಡುವಿನ ಅಕ್ಷದ ಸುತ್ತ ತಿರುಗಿಸಿದರೆ ಬಟ್ಟಲು. ಇದಕ್ಕೆ ರಿವಾಲ್ವ್ ಅನ್ನುತ್ತಾರೆ. ಹಾಸನದವರಿಗೆ ಈ ಪದ ಅರ್ಥ ಮಾಡಿಸಲು ಬೋರ್ಡೇ ಬೇಡ. ಹಳೇಬೀಡಿನ ಗುಡಿಯೊಳಗೆ ನಿಂತು ತಿರುಗಿಸುತ್ತಾ ಕಡೆಯುವ ಲೇತ್ ಯಂತ್ರದಲ್ಲಿ ಕಡೆದಂತೆ ನುಣ್ಣಗಿರುವ ಒಂದು ಕಂಬ ನೋಡಿದರೆ ಸಾಕು. ಉಬ್ಬು, ತಗ್ಗು, ಬಳೆ, ಗಂಟೆ, ಎಲ್ಲವೂ ಒಂದು ಪಕ್ಕದ ಗೆರೆಯೊಳಗೇ ಇದೆ. ಆ ಗೆರೆ ಸುತ್ತು ಹೊಡೆದರೆ ಕಂಬ. ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ ಕಂಬದ ಪಕ್ಕದ ಗೆರೆಯನ್ನಷ್ಟೇ ನೋಟ್‌ಬುಕ್ಕಿನಲ್ಲಿ ಬರೆಸಿದ್ದೆ. ವಾಪಸು ಬಂದು ಅದೇ ಗೆರೆ ಹಾಕಿ ತಿರುಗಿಸಿದಾಗ ಪರದೆ ಮೇಲೆ ಕಂಬ ಎದ್ದು ನಿಂತಿತು. ಆಮೇಲೆ ಯಾರೂ ರಿವಾಲ್ವ್ ಅಂದರೇನು ಅಂತ ಕೇಳಲಿಲ್ಲ.

ಪರೀಕ್ಷೆಯ ಎರಡನೇ ಹಂತ ಇಲ್ಲಿ ಒಂದೇ ಅಂಕಿಯ ಕೆಲಸ. ತ್ರಿಜ್ಯ 19.3 ಇದ್ದದ್ದನ್ನು 24.3 ಮಾಡಿದರೆ ಬಟ್ಟಲು ಬೆಳೆಯುತ್ತದೆ. ದಪ್ಪ, ತೂತು, ಹಿಡಿ ಹೇಗಿದ್ದವೋ ಹಾಗೇ ಇರುತ್ತವೆ. ಸ್ಕೆಚ್ ಸರಿಯಾಗಿ ಕಟ್ಟಿದ್ದರೆ ಮಾತ್ರ, ನೆನಪಿರಲಿ. ಯಾವ ಗೆರೆ ಯಾವುದಕ್ಕೆ ತಾಗಿರಬೇಕು, ಯಾವುದು ಯಾವುದಕ್ಕೆ ಸಮ ಅಂತ ಮೊದಲೇ ಹೇಳಿರಬೇಕು. ಹೇಳದಿದ್ದರೆ ಅಂಕಿ ಬದಲಿಸಿದ ಕೂಡಲೇ ಹಿಡಿ ಒಂದು ಕಡೆ, ಬಟ್ಟಲು ಒಂದು ಕಡೆ.

ಎರಡು ಎಚ್ಚರಿಕೆ. ಉಚಿತ ಖಾತೆಯಲ್ಲಿ ಮಾಡಿದ್ದೆಲ್ಲ ಎಲ್ಲರಿಗೂ ಕಾಣುತ್ತದೆ. ಶಿಕ್ಷಕರಿಗೆ, ವಿದ್ಯಾರ್ಥಿಗಳಿಗೆ ಬೇರೆ ಶಿಕ್ಷಣ ಖಾತೆ ಇದೆ, ಅದೂ ಉಚಿತ, ಅದನ್ನೇ ತೆಗೆದುಕೊಳ್ಳಿ. ಇನ್ನೊಂದು, ನೆಟ್ ಇಲ್ಲದಿದ್ದರೆ ಏನೂ ಇಲ್ಲ.

ಫ್ರೀಕ್ಯಾಡ್, ಅಥವಾ ಮಳೆಗಾಲದ ಸಾಫ್ಟ್‌ವೇರ್

ನೆಟ್ ಇಲ್ಲದ ಪಾಠ ನಾನು ಕಲಿತದ್ದು ಸಕಲೇಶಪುರದ ಕಡೆಯ ಒಂದು ಶಾಲೆಯಲ್ಲಿ. ಜುಲೈ ತಿಂಗಳು, ಮಳೆ ಅಂದರೆ ಮಳೆ. ಇಪ್ಪತ್ತು ಮಕ್ಕಳು ಬ್ರೌಸರ್ ತೆರೆದು ಕೂತಿದ್ದರು. ಹನ್ನೊಂದು ಗಂಟೆಗೆ ನೆಟ್ ಹೋಯಿತು. ಹನ್ನೆರಡಕ್ಕೆ ಕರೆಂಟೂ ಹೋಯಿತು. ನಾನು ಉಳಿದ ಹೊತ್ತು ಜೇಡಿಮಣ್ಣಿನ ಮಹಿಮೆಯ ಬಗ್ಗೆ ಭಾಷಣ ಮಾಡಿ ಮುಗಿಸಿದೆ. ಮುಂದಿನ ಸಲ ಹೋಗುವಾಗ ಪೆನ್‌ಡ್ರೈವಿನಲ್ಲಿ ಫ್ರೀಕ್ಯಾಡ್ ಇತ್ತು.

ಇದು ಮುಕ್ತ ತಂತ್ರಾಂಶ. ನೆಟ್ ಬೇಡ, ಖಾತೆ ಬೇಡ, ದುಡ್ಡು ಬೇಡ, ವರ್ಷ ವರ್ಷ ನವೀಕರಣದ ತಲೆನೋವಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ಓಡುತ್ತದೆ. 2002ರಲ್ಲಿ ಶುರುವಾಗಿ, 1.0 ಆವೃತ್ತಿ ಬಂದದ್ದು 2024ರ ನವೆಂಬರಿನಲ್ಲಿ. ಇಪ್ಪತ್ತೆರಡು ವರ್ಷ! ನಿಧಾನವೇ ಪ್ರಧಾನ ಅಂತ ಇವರಿಗೇ ಹೇಳಿರಬೇಕು.

ಹಳೆಯ ಆವೃತ್ತಿಗಳಲ್ಲಿ ಒಂದು ದೊಡ್ಡ ಕಾಟ ಇತ್ತು. ಸಾಫ್ಟ್‌ವೇರ್ ವಸ್ತುವಿನ ಪ್ರತಿ ಮುಖಕ್ಕೂ, ಅಂಚಿಗೂ ಒಂದೊಂದು ಸಂಖ್ಯೆ ಕೊಡುತ್ತದೆ. ಬಸ್ಸಿನ ಸೀಟ್ ನಂಬರ್ ಇದ್ದ ಹಾಗೆ. ನಡುವೆ ಒಂದು ಸಾಲು ಸೀಟು ಸೇರಿಸಿದರೆ ಹಿಂದಿನ ನಂಬರುಗಳೆಲ್ಲ ಬದಲಾಗಿ, 14ರಲ್ಲಿ ಕೂತಿದ್ದವರು 18ಕ್ಕೆ ಹೋಗಬೇಕಾಗುತ್ತದೆ ಅಲ್ವಾ? ಹಾಗೆಯೇ ಸ್ಕೆಚ್ ಸ್ವಲ್ಪ ತಿದ್ದಿದರೆ ಹಿಡಿಯಲ್ಲಿದ್ದ ತೂತು ಬಟ್ಟಲಿಗೆ ಹಾರಿಬಿಡುತ್ತಿತ್ತು. 1.0ರಲ್ಲಿ ಇದನ್ನು ಬಹುಮಟ್ಟಿಗೆ ಸರಿಮಾಡಿದ್ದಾರೆ. ಆದ್ದರಿಂದ ಲ್ಯಾಬಿನಲ್ಲಿ ಹಳೆಯ 0.19 ಅಥವಾ 0.20 ಇದ್ದರೆ ಮೊದಲು ತೆಗೆದು ಹೊಸದು ಹಾಕಿ. ಹಳೆಯದರಲ್ಲಿ ಕಲಿತು ಬೇಸತ್ತವರ ಮಾತು ಕೇಳಿ ಇದನ್ನು ಬಿಡಬೇಡಿ.

ಫ್ರೀಕ್ಯಾಡಿನಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದರೊಳಗಿನ ಸ್ಪ್ರೆಡ್‌ಶೀಟ್. ಒಂದು ಚೌಕದಲ್ಲಿ 'ಎಷ್ಟು ಮಿ.ಲೀ.' ಅಂತ ಬರೆಸುತ್ತೇನೆ. ಪಕ್ಕದ ಚೌಕದಲ್ಲಿ ತ್ರಿಜ್ಯದ ಸೂತ್ರ. ಸ್ಕೆಚ್ಚಿನ ಅಳತೆಗೆ ಆ ಚೌಕದ ನಂಟು. ಈಗ 15 ಅಳಿಸಿ 30 ಬರೆದರೆ ಚಮಚ ತಾನೇ ಬೆಳೆಯುತ್ತದೆ. ಗಣಿತದ ಮೇಡಂ ಒಬ್ಬರು ಇದನ್ನು ನೋಡಿ ತಮ್ಮ ಕ್ಲಾಸಿಗೂ ಬೇಕು ಅಂದರು. ಆನ್‌ಶೇಪಿನಲ್ಲೂ, ಮುಂದೆ ಹೇಳುವ ಫ್ಯೂಷನ್ನಿನಲ್ಲೂ ಹೀಗೆ ಸೂತ್ರ ಹಾಕಬಹುದು, ಆದರೆ ಮಕ್ಕಳಿಗೆ ಮೊದಲೇ ಗೊತ್ತಿರುವ ಚೌಕಗಳ ರೂಪದಲ್ಲಿ ಕಾಣುವುದು ಇಲ್ಲೇ ಚೆನ್ನ.

ಕಷ್ಟ ಇಲ್ಲವೇ ಅಂದರೆ ಇದೆ. ತೆರೆದ ಕೂಡಲೇ ಕಾಣುವ ಗುಂಡಿಗಳ ರಾಶಿ ನೋಡಿ ಮಕ್ಕಳು ಹೆದರುತ್ತಾರೆ. ವರ್ಕ್‌ಬೆಂಚ್ ಅಂತ ಹತ್ತಾರು ವಿಭಾಗಗಳಿವೆ. 'ಪಾರ್ಟ್ ಡಿಸೈನ್' ಮತ್ತು 'ಸ್ಕೆಚರ್' ಎರಡೇ ಸಾಕು, ಉಳಿದವನ್ನು ಮುಟ್ಟಬೇಡಿ ಅಂತ ಮೊದಲೇ ಹೇಳಿಬಿಡಿ. ಮೌಸ್ ತಿರುಗಿಸುವ ರೀತಿಯನ್ನು ಸೆಟ್ಟಿಂಗ್‌ನಲ್ಲಿ ಆರಿಸಿಕೊಳ್ಳಬಹುದು. ಟಿಂಕರ್‌ಕ್ಯಾಡ್ ರೀತಿಯೂ ಆ ಪಟ್ಟಿಯಲ್ಲಿದೆ. ಅಲ್ಲಿಂದ ಬಂದ ಮಕ್ಕಳಿಗೆ ಅದನ್ನೇ ಇಟ್ಟುಕೊಡಿ, ಅರ್ಧ ಭಯ ಹೋಗುತ್ತದೆ.

ಫ್ಯೂಷನ್

ಇದೂ ಆಟೋಡೆಸ್ಕಿನದೇ. ಮೊದಲು ಫ್ಯೂಷನ್ 360 ಅನ್ನುತ್ತಿದ್ದರು. ವಿನ್ಯಾಸ, ಯಂತ್ರದಲ್ಲಿ ಕತ್ತರಿಸುವ ದಾರಿ, ಚೆಂದದ ಚಿತ್ರ, ಎಲ್ಲ ಒಂದೇ ಕಡೆ. ಕೆಳಗೆ ಒಂದು ಕಾಲರೇಖೆ ಇರುತ್ತದೆ. ಯಾವ ಕೆಲಸ ಯಾವಾಗ ಮಾಡಿದೆ ಅಂತ ಸಾಲಾಗಿ ಕಾಣುತ್ತದೆ, ಹಿಂದಕ್ಕೆ ಹೋಗಿ ತಿದ್ದಬಹುದು. ನೋಡಲು ಎಲ್ಲಕ್ಕಿಂತ ನೀಟು. ಮೂರು ಹಂತವನ್ನೂ ನೀರು ಕುಡಿದಷ್ಟು ಸುಲಭವಾಗಿ ದಾಟುತ್ತದೆ.

ವಿದ್ಯಾರ್ಥಿಗಳಿಗೆ, ಶಿಕ್ಷಕರಿಗೆ ಉಚಿತ. ಆದರೆ ಶಾಲೆ ಕಾಲೇಜಿನ ದಾಖಲೆ ಕೊಟ್ಟು ಒಪ್ಪಿಗೆ ಪಡೆಯಬೇಕು, ವರ್ಷಕ್ಕೊಮ್ಮೆ ಮತ್ತೆ ಮಾಡಬೇಕು. ಕೋರ್ಸಿನ ಹಿಂದಿನ ರಾತ್ರಿ ಈ ಕೆಲಸಕ್ಕೆ ಕೂರಬೇಡಿ, ನಾನು ಕೂತು ಪಾಡು ಪಟ್ಟಿದ್ದೇನೆ. ಮನೆಬಳಕೆಯ ಉಚಿತ ಆವೃತ್ತಿಯಲ್ಲಿ ಒಮ್ಮೆಗೆ 10 ಕಡತ ಮಾತ್ರ ತಿದ್ದಬಹುದು. ಲಿನಕ್ಸ್‌ಗೆ ಇಲ್ಲ. ಶಾಲೆಯ 4 ಜಿಬಿ ಹಳೇ ಕಂಪ್ಯೂಟರಿನಲ್ಲಿ ಹಾಕಿದರೆ ಅದು ತೆರೆಯುವಷ್ಟರಲ್ಲಿ ಒಂದು ಕಾಫಿ ಕುಡಿದು ಬರಬಹುದು. ಡಿಪ್ಲೊಮಾ, ಎಂಜಿನಿಯರಿಂಗ್ ಹುಡುಗರ ಬಳಿ ಒಳ್ಳೆಯ ಲ್ಯಾಪ್‌ಟಾಪ್ ಇದ್ದರೆ ಧಾರಾಳವಾಗಿ ಹಿಡಿಯಿರಿ.

ಉಳಿದವು

ಸ್ಕೆಚ್‌ಅಪ್ ಮನೆ, ಬೀರು, ಬೆಂಚು ಬಿಡಿಸಲು ಸೊಗಸು. ಬಡಗಿ ಕೆಲಸದ ಮನೆಯ ಹುಡುಗ ಅದರಲ್ಲಿ ಒಂದೇ ದಿನದಲ್ಲಿ ಮೇಜು ಮಾಡಿದ. ಆದರೆ ಅದರ ವೃತ್ತ ನಿಜವಾದ ವೃತ್ತವಲ್ಲ, ಸುಮ್ನೆ ಬಿಟ್ಟರೆ 24 ಗೆರೆಗಳ ಸುತ್ತು. ಚಮಚ ಪ್ರಿಂಟ್ ಮಾಡಿದಾಗ ಬಟ್ಟಲು ನುಣ್ಣಗೆ ದುಂಡಾಗಿರದೆ ಮೂಲೆ ಮೂಲೆಯಾಗಿ ಬರುತ್ತದೆ. ಗೆರೆಗಳ ಸಂಖ್ಯೆ ಹೆಚ್ಚಿಸಬಹುದು, ಆದರೂ ಚಿಕ್ಕ ದುಂಡು ವಸ್ತುಗಳಿಗೆ ಇದು ಹೇಳಿ ಮಾಡಿಸಿದ್ದಲ್ಲ.

ಬ್ಲೆಂಡರ್ ಬಗ್ಗೆ ಎಲ್ಲ ಹುಡುಗರೂ ಕೇಳುತ್ತಾರೆ, ಯೂಟ್ಯೂಬಿನಲ್ಲಿ ನೋಡಿರುತ್ತಾರೆ. ಅದ್ಭುತ ಸಾಫ್ಟ್‌ವೇರ್, ಪೂರ್ತಿ ಉಚಿತ. ಗೊಂಬೆ, ಅನಿಮೇಷನ್, ಚೆಂದದ ಚಿತ್ರ ಬೇಕಾದರೆ ಅದೇ ಸರಿ. ಅಳತೆಗೆ ತಕ್ಕ ವಸ್ತು ಮಾಡುವ ಪಾಠಕ್ಕೆ ಬೇಡ. ಅದರಲ್ಲಿ ಮಕ್ಕಳು ಚಮಚ ಹೊಳೆಯುವಂತೆ ಮಾಡುತ್ತಾರೆ, ಎಷ್ಟು ಮಿ.ಲೀ. ಹಿಡಿಯುತ್ತದೆ ಅಂತ ಕೇಳಿದರೆ ತಲೆ ಕೆರೆಯುತ್ತಾರೆ.

ಸಾಲಿಡ್‌ವರ್ಕ್ಸ್, ಸಾಲಿಡ್ ಎಡ್ಜ್ ಕಾಲೇಜಿನ ಲ್ಯಾಬಿನಲ್ಲಿ ಆಗಲೇ ಇದ್ದರೆ ಬಳಸಿ, ಇಲ್ಲದಿದ್ದರೆ ಇದಕ್ಕಾಗಿ ಖರ್ಚು ಮಾಡಬೇಡಿ. ಆನ್‌ಶೇಪಿನಲ್ಲಿ ಸ್ಕೆಚ್ ಕಟ್ಟಲು ಕಲಿತ ಹುಡುಗ ಕೆಲವೇ ವಾರಗಳಲ್ಲಿ ಅದಕ್ಕೂ ಹೊಂದಿಕೊಳ್ಳುತ್ತಾನೆ.

ಹಾಗಾದರೆ ನಾನೇನು ಹಿಡಿಯಲಿ?

ಎಂಟನೇ ತರಗತಿವರೆಗೆ ಟಿಂಕರ್‌ಕ್ಯಾಡ್, ಬೇರೆ ಯೋಚನೆಯೇ ಬೇಡ. ಒಂಬತ್ತರಿಂದ ಪಿಯುವರೆಗೆ ಮೊದಲ ಎರಡು ವಾರ ಟಿಂಕರ್‌ಕ್ಯಾಡ್, ಚಮಚ ತಪ್ಪಾಗಿ ಹಿಗ್ಗಿದ ಮೇಲೆ ಆನ್‌ಶೇಪ್. ಹಾಸನ ಊರೊಳಗೆ ನೆಟ್ ಗಟ್ಟಿ ಇರುವ ಕಡೆ ಈ ಜೋಡಿ ನಡೆಯುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆ ಮಳೆಗಾಲದಲ್ಲಿ ತರಗತಿ ಇದ್ದರೆ ಆನ್‌ಶೇಪ್ ಜಾಗದಲ್ಲಿ ಫ್ರೀಕ್ಯಾಡ್. ಡಿಪ್ಲೊಮಾದವರಿಗೆ ಕಂಪ್ಯೂಟರ್ ನೋಡಿಕೊಂಡು ಫ್ಯೂಷನ್ ಅಥವಾ ಫ್ರೀಕ್ಯಾಡ್. ಯಾವುದನ್ನೇ ಹಿಡಿದರೂ ಒಂದು ಕೋರ್ಸಿನಲ್ಲಿ ಎರಡಕ್ಕಿಂತ ಹೆಚ್ಚು ಸಾಫ್ಟ್‌ವೇರ್ ಬೇಡ. ಗುಂಡಿ ಎಲ್ಲಿದೆ ಅಂತ ಹುಡುಕುವುದರಲ್ಲೇ ಸಮಯ ಹೋಗುತ್ತದೆ.

ಸಾಫ್ಟ್‌ವೇರಿಗೆ ಉಳಿಸಿದ ದುಡ್ಡಿನಲ್ಲಿ ಎಲ್ಲ ಕಂಪ್ಯೂಟರಿಗೂ ಚಕ್ರ ಇರುವ ಮೌಸ್ ತನ್ನಿ. ಕಡಿಮೆ ಬೆಲೆಯದ್ದೇ ಆಗಲಿ. ಟಚ್‌ಪ್ಯಾಡಿನಲ್ಲಿ 3ಡಿ ಮಾಡುವುದು ಕೈಗವಸು ಹಾಕಿಕೊಂಡು ಮುದ್ದೆ ತಿಂದ ಹಾಗೆ.

ಪ್ರಿಂಟರ್ ಬಗ್ಗೆ ನಾಲ್ಕು ಮಾತು. ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳಲ್ಲಿ 3ಡಿ ಪ್ರಿಂಟರ್ ಇರುತ್ತದೆ, ಎಷ್ಟೋ ಕಡೆ ಬಟ್ಟೆ ಹೊದ್ದು ಮಲಗಿರುತ್ತದೆ. ಎಬ್ಬಿಸಿ. ಪ್ಲಾಸ್ಟಿಕ್ ಹೊರಬರುವ ನಾಜಲ್ಲಿನ ತೂತು ಸಾಮಾನ್ಯವಾಗಿ 0.4 ಮಿ.ಮೀ. ಇರುವುದರಿಂದ ಬಟ್ಟಲಿನ ದಪ್ಪ 1.2, 1.6, 2 ಹೀಗೆ 0.4ರ ಮಗ್ಗಿಯಲ್ಲಿ ಬರುವಂತೆ ಇಡಿಸಿ. ಚಮಚವನ್ನು ನೆಟ್ಟಗೆ ನಿಲ್ಲಿಸಿ ಪ್ರಿಂಟ್ ಮಾಡಿದರೆ ಹಿಡಿ ಪದರ ಪದರವಾಗಿ ಮುರಿಯುತ್ತದೆ, ಮಲಗಿಸಿ ಮಾಡಿ. ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಪದರಗಳ ಸಂದಿಯಲ್ಲಿ ಕೊಳೆಯೂ ಕೂರುತ್ತದೆ. ಆದ್ದರಿಂದ ಅದು ಅಳತೆ ನೋಡಲು ಮಾತ್ರ, ಅಡುಗೆಮನೆಗೆ ಬೇಡ. ಬಿಸಿ ಡಿಕಾಕ್ಷನ್ನಿಗೆ ಅದ್ದಿ ಬಾಗಿಸಿಕೊಂಡು ಬಂದವರು ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಇರುತ್ತಾರೆ.

ಕಡತ ಉಳಿಸುವಾಗ ಪ್ರಿಂಟರಿಗೆ ಕೊಡುವ ಎಸ್‌ಟಿಎಲ್ ರೂಪ ಒಂದನ್ನೇ ಇಟ್ಟುಕೊಳ್ಳಬೇಡಿ. ಅದರಲ್ಲಿ ಇರುವುದು ಬರೀ ತ್ರಿಕೋನಗಳು. ಮಿ.ಮೀ. ಯೋ ಇಂಚೋ ಅನ್ನುವುದೂ ಅದರೊಳಗೆ ಬರೆದಿರುವುದಿಲ್ಲ. ಪ್ರಿಂಟರಿಗೆ ಅದು ಸಾಕು, ತಿದ್ದಲು ಆಗದು. ಆನ್‌ಶೇಪ್, ಫ್ರೀಕ್ಯಾಡ್, ಫ್ಯೂಷನ್ ಮೂರರಲ್ಲೂ ಸ್ಟೆಪ್ ಅನ್ನುವ ರೂಪದಲ್ಲಿ ಉಳಿಸಬಹುದು, ಒಂದರದ್ದನ್ನು ಇನ್ನೊಂದರಲ್ಲಿ ಘನರೂಪವಾಗಿಯೇ ತೆರೆಯಬಹುದು. ಸ್ಕೆಚ್ಚಿನ ಅಳತೆಗಳು ಮಾತ್ರ ಜೊತೆಗೆ ಬರುವುದಿಲ್ಲ, ಅದಕ್ಕೆ ಮೂಲ ಕಡತವೂ ಇರಲಿ. ಟಿಂಕರ್‌ಕ್ಯಾಡಿನ ಚಮಚವನ್ನು ಅತ್ತ ಸಾಗಿಸಲು ಒದ್ದಾಡಬೇಡಿ. ಹೊಸದರಲ್ಲಿ ಮೊದಲಿಂದ ಮಾಡಿಸಿ, ಅರ್ಧ ಗಂಟೆಯ ಕೆಲಸ.